ಟಿಕ್ ಅನ್ನುವ ತನಕ

ನಮ್ಮ ಭಾವನವರು ಬಿಗಿ ಮಾಡಿದ್ದನ್ನು ಬಿಚ್ಚುವವರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಹಾಗಂತ ಅವರೇ ಹೇಳುತ್ತಾರೆ, ನಾವೂ ಒಪ್ಪುತ್ತೇವೆ. ಒಪ್ಪದೆ ಏನು ಮಾಡುವುದು, ಸಕ್ಕರೆ ಡಬ್ಬಿ ಅವರ ವಶದಲ್ಲಿದೆ. ಬೆಳಗ್ಗೆ ಕಾಫಿ ಕುಡಿದು ಅವರು ಮುಚ್ಚಿಟ್ಟು ಹೋದ ಡಬ್ಬಿ, ಸಂಜೆ ಅವರೇ ಬಂದು ತೆಗೆಯುವವರೆಗೂ ಮುಚ್ಚಿಕೊಂಡೇ ಇರುತ್ತದೆ. ಮಧ್ಯಾಹ್ನ ಮನೆಗೆ ಬಂದವರಿಗೆ ಅಕ್ಕ ಸಕ್ಕರೆಯಿಲ್ಲದ ಕಾಫಿ ಕೊಟ್ಟು, "ಸಕ್ಕರೆ ಒಳ್ಳೇದಲ್ಲ ಅಂತಾರೆ ಡಾಕ್ಟ್ರು" ಎನ್ನುತ್ತಾಳೆ. ಯಾವ ಡಾಕ್ಟರು, ಯಾರಿಗೆ ಹೇಳಿದರು ಎಂದು ಇದುವರೆಗೆ ಯಾರೂ ಕೇಳಿಲ್ಲ. ಬಚ್ಚಲುಮನೆಯ ನಲ್ಲಿಯನ್ನು ಅವರು ನಿಲ್ಲಿಸಿ ಬಂದರೆ ಮುಂದಿನವರ ಸ್ನಾನ ದೈವಾಧೀನ.

ಭಾವ ಕೆಲಸ ಮಾಡುವುದು ಪಾರ್ಸೆಲ್ ಕಚೇರಿಯಲ್ಲಿ. ಅವರು ದಾರ ಬಿಗಿದ ಪಾರ್ಸೆಲ್ಲು ದಾರಿಯಲ್ಲಿ ಬಿಚ್ಚಿಕೊಂಡ ಉದಾಹರಣೆಯಿಲ್ಲ. ತಲುಪಿದ ಮೇಲೆ ಬಿಚ್ಚಿಕೊಂಡ ಉದಾಹರಣೆಯೂ ಕಡಿಮೆಯೇ. ಒಳ್ಳೆಯ ಮನುಷ್ಯ, ನೊಣಕ್ಕೂ ಕೈ ಎತ್ತುವವರಲ್ಲ. ಆದರೆ ತಿರುಗುವಂಥದ್ದು ಏನಾದರೂ ಕಣ್ಣಿಗೆ ಬಿದ್ದರೆ ಸಾಕು, ತೋಳು ಮಡಿಸಿಕೊಂಡು ಹೊರಟೇಬಿಡುತ್ತಾರೆ.

ಇಂಥವರ ಕೈಗೆ ನಮ್ಮ ಅಪ್ಪನ ಕಾರು ಸಿಕ್ಕಿತು.

ಆ ಕಾರಿನ ವಿಷಯ ಸ್ವಲ್ಪ ಹೇಳಬೇಕು. ದುಂಡನೆಯ ದೀಪಗಳು, ಬಳೆಯಷ್ಟು ತೆಳ್ಳಗಿನ ಸ್ಟಿಯರಿಂಗು, ಕೆನೆ ಬಣ್ಣ. ಅಪ್ಪ ಹೋದಮೇಲೆ ಅದು ಅಕ್ಕನ ಮನೆಯ ಶೆಡ್ಡಿನಲ್ಲಿ ನಿಂತಿತು. ನಿಂತಿತು ಎಂದರೆ ನಿಂತೇ ಹೋಯಿತು. ಅಪ್ಪ ಡ್ರೈವಿಂಗು ಕಲಿಸಿದ್ದು ಅಕ್ಕನಿಗೆ, ನನಗಲ್ಲ. ಕಾರಣವನ್ನು ದಯವಿಟ್ಟು ಕೇಳಬೇಡಿ, ಗೇಟಿನ ಒಂದು ಕಂಬ ಇವತ್ತಿಗೂ ಓರೆಯಾಗಿದೆ. ಭಾನುವಾರ ಅಕ್ಕ ಪೇಪರು ಹಿಡಿದುಕೊಂಡು ಹೋಗಿ ಆ ನಿಂತ ಕಾರಿನಲ್ಲಿ ಕೂತು ಓದುತ್ತಾಳೆ. ಪುಟ ಮಗುಚುವ ಸದ್ದು ಮಾತ್ರ ಕೇಳಿಸುವುದಿಲ್ಲ. ಅವಳು ಅಲ್ಲಿ ಓದುವುದಿಲ್ಲವೆಂದು ನನಗೂ ಗೊತ್ತು, ಭಾವನಿಗೂ ಗೊತ್ತು.

ಒಂದು ದಿನ ಸಾರಿಗೆ ಕಚೇರಿಯಿಂದ ನೋಟಿಸು ಬಂತು. ಹಳೆಯ ವಾಹನಗಳನ್ನೆಲ್ಲ ತಿಂಗಳ ಕೊನೆಯೊಳಗೆ ಮೈದಾನಕ್ಕೆ ತಂದು ತಪಾಸಣೆ ಮಾಡಿಸಬೇಕು. ಪಾಸಾದರೆ ರಸ್ತೆಗೆ, ಇಲ್ಲದಿದ್ದರೆ ನೋಂದಣಿ ರದ್ದು, ನೇರ ಗುಜರಿಗೆ. ನೋಟಿಸು ಬಂದ ಮಾರನೇ ದಿನವೇ ಗುಜರಿಯವನೂ ಬಂದ. ಬಹಳ ಸಭ್ಯ ಮನುಷ್ಯ. ಗೇಟಿನ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದು, ರೋಗಿಯನ್ನು ನೋಡಲು ಬಂದವನ ಹಾಗೆ ಮೆಲ್ಲಗೆ ಕೇಳಿದ, "ಹೇಗಿದೆ ಅಮ್ಮಾ ಈಗ?"

"ಇನ್ನೇನಿದೆ ಅದ್ರಲ್ಲಿ, ತಗೊಂಡು ಹೋಗಲಿ ಬಿಡು ಅಕ್ಕ" ಎಂದೆ ನಾನು.

"ಹೂಂ, ಹೋಗ್ಲಿ ಬಿಡು. ಹಳೇ ಕಬ್ಬಿಣ" ಎಂದಳು ಅಕ್ಕ. ಅಷ್ಟು ಹೇಳಿ ಒಳಗೆ ಹೋದವಳು ಒಲೆಯ ಮೇಲೆ ಏನೂ ಇಲ್ಲದಿದ್ದರೂ ಒಲೆ ಹಚ್ಚಿ ಅದರ ಮುಂದೆ ನಿಂತಳು.

ಭಾವ ಅಡುಗೆಮನೆ ಕಡೆ ನೋಡಿದರು. ಗುಜರಿಯವನ ಕಡೆ ನೋಡಿದರು. "ಅದು ಹೋಗಲ್ಲ" ಎಂದರು. ಮತ್ತೆ ಇಡೀ ಬೀದಿಗೆ ಕೇಳಿಸಲಿ ಎಂದು ಜೋರಾಗಿ, "ನಾನೇ ರಿಪೇರಿ ಮಾಡಿ ಪಾಸು ಮಾಡಿಸ್ತೀನಿ! ಒಂದೊಂದು ಬೋಲ್ಟನ್ನೂ ನನ್ನ ಕೈಯಾರೆ ಬಿಗಿ ಮಾಡ್ತೀನಿ!" ಎಂದು ಸಾರಿದರು. ಎದುರುಮನೆ ಅಜ್ಜಿ ಕಿಟಕಿ ತೆಗೆದು, "ಏನಂತೆ?" ಎಂದಳು. ಅಜ್ಜಿಗೆ ಕಿವಿ ಮಂದ. ಏನು ನಡೆದರೂ ಕಿಟಕಿ ತೆಗೆಯುತ್ತಾಳೆ, ಏನು ಹೇಳಿದರೂ "ನಂಗೆ ಕೇಳಿಸ್ಲಿಲ್ಲ" ಎನ್ನುತ್ತಾಳೆ. ಬೀದಿಯಲ್ಲಿ ಎಲ್ಲರಿಗಿಂತ ಮೊದಲು ಸುದ್ದಿ ಗೊತ್ತಾಗುವುದೂ ಅವಳಿಗೇ. ಅದು ಹೇಗೋ ನಾನರಿಯೆ.

ಎಂಜಿನ್ನು, ಬ್ರೇಕು, ಚಕ್ರ ಇಂಥ ಪ್ರಾಣಕ್ಕೆ ಸಂಬಂಧಪಟ್ಟ ಕೆಲಸಗಳನ್ನು ಅಕ್ಕ ಭಾವನವರ ಕೈಗೆ ಕೊಡಲಿಲ್ಲ. ಅಲ್ಲಿಗೆ ನಮ್ಮ ಪುಣ್ಯ. ಅದಕ್ಕೆ ಲಾರಿ ಮೇಸ್ತ್ರಿ ಬಂದರು. ಅವರು ಲಾರಿ ಬಿಟ್ಟು ಇನ್ನಾವುದನ್ನೂ ವಾಹನ ಎಂದು ಒಪ್ಪುವವರಲ್ಲ. ಕಾರಿನ ಎಂಜಿನ್ನನ್ನು ಮಕ್ಕಳ ಆಟಿಕೆಯಂತೆ ಬಿಚ್ಚಿ ಜೋಡಿಸುತ್ತ, ಒಂದು ಕೈಯಲ್ಲಿ ಟೀ ಲೋಟ ಹಿಡಿದು, ಕಡಿದಾದ ಇಳಿಜಾರಿನಲ್ಲಿ ತಾವು ಯಾವ ಲಾರಿಯನ್ನು ಹೇಗೆ ನಿಲ್ಲಿಸಿದೆವು ಎಂಬುದನ್ನು ಹೇಳುತ್ತಿದ್ದರು. ಕಥೆ ದಿನಕ್ಕೊಂದು ಥರ ಇತ್ತು, ಲಾರಿಯ ಭಾರ ಮಾತ್ರ ಏರುತ್ತಲೇ ಹೋಯಿತು. ಅಂತೂ ಎಂಜಿನ್ನು ಮಾತಾಡಿತು. ಅಕ್ಕ ಬಾಗಿಲಲ್ಲಿ ನಿಂತು ಕೇಳಿದಳು, ಸೆರಗಿನಿಂದ ಮೂಗು ಒರೆಸಿಕೊಂಡಳು, "ಹೊಗೆ" ಎಂದಳು. ಹೊಗೆ ಅಷ್ಟೇನೂ ಇರಲಿಲ್ಲ.

ಉಳಿದದ್ದು ಸಣ್ಣಪುಟ್ಟ ಕೆಲಸ. ದೀಪದ ಸುತ್ತಿನ ಬಳೆ, ನಂಬರ್ ಪ್ಲೇಟು, ಕನ್ನಡಿ, ಹಾರನ್ನು, ಎಂಜಿನ್ನಿನ ನೆತ್ತಿಯ ಮುಚ್ಚಳ. ಎಲ್ಲದಕ್ಕೂ ಕಿರುಬೆರಳಿಗಿಂತ ಸಣ್ಣ ಬೋಲ್ಟುಗಳು, ಕಡಲೆಕಾಳಿನಂಥ ಸ್ಕ್ರೂಗಳು. "ಇವೆಲ್ಲ ನನಗಿರ್ಲಿ" ಎಂದು ಭಾವ ತೋಳು ಮಡಿಸಿದರು. ಮೊದಲನೇ ಬೋಲ್ಟಿಗೆ ಪಾನಾ, ಅಂದರೆ ಸ್ಪ್ಯಾನರು, ಕೊಟ್ಟು, ಕಾಲು ಅಗಲಿಸಿ, ಉಸಿರು ಕಟ್ಟಿ ಎಳೆದರು. ಬೋಲ್ಟಿನ ತಲೆ ಕಿತ್ತು ಮೇಸ್ತ್ರಿಯ ಟೀ ಲೋಟಕ್ಕೆ ಬಿತ್ತು.

ಮೇಸ್ತ್ರಿ ಲೋಟದೊಳಗೆ ಇಣುಕಿದರು. "ಸ್ವಾಮೀ, ಅದು ಕಿರುಬೆರಳಷ್ಟು ದಪ್ಪ ಇಲ್ಲ. ಅದರ ಜೊತೆ ಕುಸ್ತಿ ಯಾಕೆ?"

"ಸಡಿಲ ಇದ್ರೆ ಬಿದ್ದುಹೋಗಲ್ವೇನ್ರೀ?"

"ಬಿಗಿ ಜಾಸ್ತಿ ಆದ್ರೂ ಬಿದ್ದುಹೋಗುತ್ತೆ."

ಭಾವ ಇದನ್ನು ತಮಾಷೆ ಎಂದುಕೊಂಡು ನಕ್ಕರು. ಮೇಸ್ತ್ರಿಗೆ ಹೊರಡುವ ಅವಸರವಿತ್ತು. ತಮ್ಮ ಪೆಟ್ಟಿಗೆಯಿಂದ ಊರುಗೋಲಿನಷ್ಟು ಉದ್ದದ ಒಂದು ಪಾನಾ ತೆಗೆದು ಕೊಟ್ಟರು. "ಇದು ಅಳತೆ ಪಾನಾ. ಹಿಡಿಯಲ್ಲಿ ಅಂಕಿ ಇದೆ ನೋಡಿ. ಬೇಕಾದ ಅಂಕಿಗಿಟ್ಟು ತಿರುಗ್ಸಿ. ಸಾಕಾದಾಗ ಅದೇ ಟಿಕ್ ಅನ್ನುತ್ತೆ. ಟಿಕ್ ಅಂದ್ರೆ ಕೈ ಬಿಟ್ಬಿಡಿ. ಆಮೇಲೆ ಮೇಲೊಂದು ಹಳದಿ ಬಣ್ಣದ ಚುಕ್ಕೆ ಇಡಿ, ಯಾವುದು ಆಯ್ತು ಯಾವುದು ಇಲ್ಲ ಗೊತ್ತಾಗುತ್ತೆ."

ಆ ಪಾನಾ ಇದ್ದದ್ದು ಲಾರಿ ಚಕ್ರಗಳಿಗೆ. ಅದರ ಅತಿ ಚಿಕ್ಕ ಅಂಕಿಯೂ ಆ ಸಣ್ಣ ಬೋಲ್ಟುಗಳು ಜನ್ಮದಲ್ಲಿ ತಡೆಯಲಾರದಷ್ಟು ದೊಡ್ಡದು. ಇದು ಹೇಳಬೇಕಾದ ವಿಷಯ ಎಂದು ಮೇಸ್ತ್ರಿಗೆ ಅನ್ನಿಸಲಿಲ್ಲ, ಕೇಳಬೇಕಾದ ವಿಷಯ ಎಂದು ಭಾವನವರಿಗೆ ಅನ್ನಿಸಲಿಲ್ಲ.

ಮಾರನೇ ದಿನ ರಜೆ. ಭಾವ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಶೆಡ್ಡಿಗೆ ಬಂದರು. ಅಂಕಿಯನ್ನು ಅತಿ ಚಿಕ್ಕದಕ್ಕೆ ಇಟ್ಟರು, ತಾವು ಬಹಳ ಹುಷಾರು ಎಂಬ ಹೆಮ್ಮೆಯಿಂದ. ಪಾನಾವನ್ನು ಬೋಲ್ಟಿಗೆ ಕೂಡಿಸಿ ತಿರುಗಿಸಿದರು. ಸದ್ದಿಲ್ಲ. ಇನ್ನಷ್ಟು ತಿರುಗಿಸಿದರು. ಸದ್ದಿಲ್ಲ.

"ಟಿಕ್ ಬಂತೇನೋ?" ಎಂದು ನನ್ನನ್ನು ಕೇಳಿದರು.

"ಇಲ್ಲ ಭಾವ."

"ಬೀದಿ ಗಲಾಟೆಯಲ್ಲಿ ಕೇಳಿಸ್ತಿಲ್ವೇನೋ. ಸ್ವಲ್ಪ ಸುಮ್ನಿರೋಕೆ ಹೇಳು."

ನಾನು ಹೋಗಿ ಹೇಳಿದೆ. ಸುಮ್ಮನಿರಿ ಎಂದರೆ ಯಾಕೆ ಎಂದು ಕೇಳದವರು ಯಾರಿದ್ದಾರೆ? ಮಹಡಿ ಮನೆಯ ಸಂಗೀತದ ಟೀಚರು ಪಾಠ ನಿಲ್ಲಿಸಿ ಕೆಳಗಿಳಿದು ಬಂದರು. ಎದುರುಮನೆ ಅಜ್ಜಿ ತನ್ನ ಮಡಿಸುವ ಕುರ್ಚಿ ತಂದು ಶೆಡ್ಡಿನ ಬಾಗಿಲಿಗೇ ಹಾಕಿಕೊಂಡಳು. ದಾರಿಯಲ್ಲಿ ಹೋಗುತ್ತಿದ್ದ ಗುಜರಿಯವನು ಗಾಡಿ ನಿಲ್ಲಿಸಿ, ಚಪ್ಪಲಿ ಬಿಟ್ಟು ಬಂದ. ಎಲ್ಲರೂ ಉಸಿರು ಬಿಗಿಹಿಡಿದರು. ಭಾವ ಇನ್ನೂ ಎಳೆದರು. ಹಣೆಯ ನರ ಉಬ್ಬಿತು, ಕಾರೇ ಒಂದು ಪಕ್ಕಕ್ಕೆ ವಾಲಿತು.

ಟಿಕ್!

"ಬಂತು!" ಎಂದರು ಭಾವ. ಎಲ್ಲರೂ ಚಪ್ಪಾಳೆ ತಟ್ಟಿದರು. ಟೀಚರು ಕಣ್ಣು ಮುಚ್ಚಿ ತಲೆದೂಗಿದರು. "ಒಳ್ಳೇ ಶ್ರುತಿಯಲ್ಲಿ ಬಂತು ಸಾರ್" ಎಂದರು.

"ನಂಗೆ ಕೇಳಿಸ್ಲಿಲ್ಲ" ಎಂದಳು ಅಜ್ಜಿ.

ಟಿಕ್ ಅಂದದ್ದು ಪಾನಾ ಅಲ್ಲ, ಬೋಲ್ಟು. ಒಳಗೆ ಅದರ ಕತ್ತು ಮುರಿದಿತ್ತು. ಮೇಲಿನ ತುಂಡು ತೂತಿನಲ್ಲೇ ಮರ್ಯಾದೆಯಿಂದ ಕೂತಿತ್ತು. ಭಾವ ಅದರ ಮೇಲೆ ಧಾರಾಳವಾಗಿ ಹಳದಿ ಬಣ್ಣ ಇಟ್ಟರು, ಬಣ್ಣ ಒಣಗಿ ಅಂಟಿನ ಹಾಗೆ ಹಿಡಿದುಕೊಂಡಿತು. ಹೀಗೆ ಒಂದಾದ ಮೇಲೊಂದು. ಪ್ರತಿಸಲವೂ ಮೌನ, ಪ್ರತಿಸಲವೂ ಟಿಕ್, ಪ್ರತಿಸಲವೂ ಚಪ್ಪಾಳೆ. ಸಂಜೆಯ ಹೊತ್ತಿಗೆ ಅಪ್ಪನ ಕಾರಿನಲ್ಲಿ ಸರಿಯಾಗಿ ಹಿಡಿದಿದ್ದ ಒಂದು ಸಣ್ಣ ಬೋಲ್ಟೂ ಉಳಿದಿರಲಿಲ್ಲ. ನೋಡಿದರೆ ಮಾತ್ರ ಹಳದಿ ಹೂ ಮುಡಿದಂತೆ ಲಕ್ಷಣವಾಗಿತ್ತು.

ಭಾವನವರ ಕೀರ್ತಿ ಬೆಳೆಯಿತು. "ಟಿಕ್ ಬರಿಸಿ ಬಿಗಿ ಮಾಡ್ತಾರಂತೆ, ಮಿಷನ್ನಿನ ಅಳತೆ" ಎಂದು ಬೀದಿಯೆಲ್ಲ ಮಾತಾಯಿತು. ಟೀಚರು ಕನ್ನಡಕ ತಂದರು, ಅದರ ಕಡ್ಡಿ ಅಲ್ಲಾಡುತ್ತಿತ್ತು. ಅದಕ್ಕೆ ಪಾನಾ ಹಿಡಿಯದು ಎಂದು ಭಾವ ಸ್ಕ್ರೂಡ್ರೈವರಿನಲ್ಲೇ ಟಿಕ್ ಬರಿಸಿ, ಅಷ್ಟಗಲ ಹಳದಿ ಬಣ್ಣ ಬಳಿದು ಕೊಟ್ಟರು. ಅಜ್ಜಿ ಮಡಿಸುವ ಕುರ್ಚಿ ತಂದಳು. ಅದಕ್ಕೂ ಆಯಿತು. "ಈಗಲಾದ್ರೂ ಕೇಳಿಸ್ತಾ ಅಜ್ಜಿ?" ಎಂದರು ಭಾವ. "ಇಲ್ಲಪ್ಪ" ಎಂದಳು ಅಜ್ಜಿ ಬಹಳ ಬೇಸರದಿಂದ. ಪಾರ್ಸೆಲ್ ಕಚೇರಿಯಲ್ಲಿ ಭಾವ ಮೇಜುಗಳ ನಡುವೆ ನಿಂತು ಸಣ್ಣದೊಂದು ಭಾಷಣವನ್ನೇ ಮಾಡಿದರಂತೆ. "ಬಿಗಿ ಅನ್ನೋದು ಬಲದಲ್ಲಿಲ್ಲ ರೀ, ಕಿವಿಯಲ್ಲಿದೆ!" ಅದನ್ನು ಕೇಳಿ ಹೆಡ್ ಗುಮಾಸ್ತರು ತಮ್ಮ ಮೇಜಿನ ಡ್ರಾಯರನ್ನು ಅವರಿಂದಲೇ ಬಿಗಿ ಮಾಡಿಸಿಕೊಂಡರು. ಈಗ ಅದು ತೆರೆದುಕೊಳ್ಳುವುದಿಲ್ಲ, ಅವರ ಊಟದ ಡಬ್ಬಿ ಒಳಗಿದೆ.

ತಪಾಸಣೆಯ ದಿನ ಬಂತು. ಅಕ್ಕ ಸ್ಟಿಯರಿಂಗಿಗೆ ಕೂತಳು. ಎಷ್ಟೋ ವರ್ಷದ ಮೇಲೆ ಅವಳು ಆ ಸೀಟನ್ನು ಮುಂದಕ್ಕೆ ಎಳೆದುಕೊಂಡಳು. ಭಾವ ಪಕ್ಕದಲ್ಲಿ, ಮಡಿಲಲ್ಲಿ ಆ ಉದ್ದನೆಯ ಪಾನಾ. ಹಿಂದೆ ನಾನು, ಟೀಚರು, ಅಜ್ಜಿ ಮತ್ತು ಅಜ್ಜಿಯ ಕುರ್ಚಿ. ಗುಜರಿಯವನು ತಳ್ಳುಗಾಡಿಯೊಡನೆ ಮೊದಲೇ ಮೈದಾನ ಸೇರಿಕೊಂಡಿದ್ದ. "ನಾನು ಸುಮ್ನೆ ಬಂದೆ ಅಮ್ಮಾ, ಒಳ್ಳೇದಾಗ್ಲಿ ಅಂತ" ಎಂದ.

ಇನ್ಸ್‌ಪೆಕ್ಟರು ತೆಳ್ಳಗಿನ ಮನುಷ್ಯ. ಬೆಳಗಿನಿಂದ ಹಳೆಯ ವಾಹನಗಳ ಸುಳ್ಳುಗಳನ್ನು ಕೇಳಿ ಕೇಳಿ ಸುಸ್ತಾಗಿದ್ದರು. ಆದರೂ ಬ್ರೇಕು ನೋಡಿ "ಹೂಂ" ಎಂದರು. ಎಂಜಿನ್ನು ಕೇಳಿ "ಪರವಾಗಿಲ್ಲವೇ!" ಎಂದರು. ಅಕ್ಕನ ಮುಖ ಅರಳಿತು. ಭಾವ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು.

"ಹಳದಿ ಚುಕ್ಕೆ ಏನಿದು?" ಎಂದರು ಇನ್ಸ್‌ಪೆಕ್ಟರು.

"ಒಂದೊಂದೂ ಟಿಕ್ ಬಂದ ಮೇಲೆ ಇಟ್ಟದ್ದು ಸಾರ್. ಇವರೆಲ್ಲ ಸಾಕ್ಷಿ."

"ಸಂತೋಷ" ಎಂದು ಇನ್ಸ್‌ಪೆಕ್ಟರು ಬಾನೆಟ್ಟನ್ನು ಮುಚ್ಚಿದರು. ಮೆಲ್ಲಗೇ ಮುಚ್ಚಿದರು. ಎಡಗಡೆಯ ದೀಪದ ಬಳೆ ಕಳಚಿ ನೆಲದ ಮೇಲೆ ಉರುಳುತ್ತ ಹೋಗಿ ಗುಜರಿಯವನ ಕಾಲ ಬಳಿ ಮಲಗಿತು. ಅವನು ಅದನ್ನೆತ್ತಿ, ಒರೆಸಿ, ವಿನಯದಿಂದ ಗಾಡಿಯಲ್ಲಿಟ್ಟುಕೊಂಡ.

"ಅದಕ್ಕೆ ಟಿಕ್ ಬಂದಿತ್ತು ಸಾರ್!" ಎಂದರು ಭಾವ.

ಇನ್ಸ್‌ಪೆಕ್ಟರು ಕನ್ನಡಿಯನ್ನು ಬೆರಳಿನಿಂದ ಮುಟ್ಟಿದರು. ಕನ್ನಡಿ ಅವರ ಬೆರಳಿನ ಜೊತೆಗೇ ಬಂತು. ಬಾಗಿಲು ಹಾಕಿದರು, ನಂಬರ್ ಪ್ಲೇಟು ಒಂದು ಕಡೆಯಿಂದ ಜಾರಿ ತಲೆಕೆಳಗಾಗಿ ತೂಗಾಡಿತು. "ಹಾರನ್ ಹೊಡೀರಿ" ಎಂದರು ಅಕ್ಕನಿಗೆ. ಅಕ್ಕ ಒತ್ತಿದಳು. ಹಾರನ್ನು ಗಟ್ಟಿಯಾಗಿ ಕೂಗಿ, ಆ ಕೂಗಿನ ಅದುರಿಗೆ ತಾನೇ ಕಳಚಿ, ವೈರಿನ ತುದಿಗೆ ನೇತುಬಿದ್ದು ನೆಲ ಮುಟ್ಟಿತು. ಮುಟ್ಟಿದ ಮೇಲೂ ಕೂಗುವುದನ್ನು ನಿಲ್ಲಿಸಲಿಲ್ಲ. ಇಡೀ ಮೈದಾನ ಕೆಲಸ ಬಿಟ್ಟು ನಮ್ಮತ್ತ ತಿರುಗಿತು. ಆಗಲೇ ಎಂಜಿನ್ನಿನ ಮುಚ್ಚಳದಿಂದ ಎಣ್ಣೆ ಒಸರಿ ಬಾನೆಟ್ಟಿನ ಸಂದಿಯಿಂದ ನೀಲಿ ಹೊಗೆ ಎದ್ದಿತು.

"ಪ್ರತಿಯೊಂದಕ್ಕೂ ಟಿಕ್ ಬಂದಿತ್ತು ಸಾರ್! ಬೇಕಾದ್ರೆ ಇವರನ್ನ ಕೇಳಿ! ಸಂಗೀತದವರು!" ಭಾವನ ದನಿ ಅಳುವಿನ ಅಂಚಿಗೆ ಬಂದಿತ್ತು.

"ಶುದ್ಧ ಶ್ರುತಿಯಲ್ಲಿ" ಎಂದರು ಟೀಚರು, ಕನ್ನಡಕ ಸರಿಮಾಡಿಕೊಳ್ಳುತ್ತ.

ಇನ್ಸ್‌ಪೆಕ್ಟರು ಕೈ ಚಾಚಿ ಪಾನಾ ಇಸಿದುಕೊಂಡರು. ಹಿಡಿಯ ಮೇಲಿನ ಅಂಕಿ ನೋಡಿದರು. ಆಮೇಲೆ ಬಹಳ ಹೊತ್ತು ಭಾವನವರನ್ನೇ ನೋಡಿದರು. "ಇದು ಲಾರಿ ಚಕ್ರದ ಪಾನಾ ರೀ. ಇದು ಟಿಕ್ ಅನ್ನೋಕೆ ಶುರು ಮಾಡೋದ್ರೊಳಗೆ ನಿಮ್ಮ ಬೋಲ್ಟು ಸ್ವರ್ಗ ಸೇರಿರುತ್ತೆ."

"ಹಾಗಾದ್ರೆ ಟಿಕ್ ಅಂದಿದ್ದು?"

"ಬೋಲ್ಟು. ಮುರಿದಿದ್ದು."

ಟೀಚರು ಆಘಾತದಿಂದ ಕತ್ತು ಹಿಂದಕ್ಕೆ ಎಳೆದರು. ಕನ್ನಡಕದ ಎರಡು ಕಡ್ಡಿಗಳೂ ಒಟ್ಟಿಗೇ ಕಳಚಿ ಬಿದ್ದವು. ಈ ಮಾತುಕತೆಯಲ್ಲಿ ನಿಂತು ನಿಂತು ಕಾಲು ಸೋತಿದ್ದ ಅಜ್ಜಿ ತನ್ನ ಕುರ್ಚಿ ಬಿಡಿಸಿ ಕೂತಳು. ಕುರ್ಚಿ ನಿಧಾನವಾಗಿ, ಯಾವ ಅವಸರವೂ ಇಲ್ಲದೆ, ನಾಲ್ಕೂ ಕಡೆ ಮಲಗಿತು. ಅಜ್ಜಿ ಅದರ ಜೊತೆಗೇ ಮೆತ್ತಗೆ ಹುಲ್ಲಿನ ಮೇಲಿಳಿದಳು. ಎಲ್ಲರೂ ಓಡಿದೆವು. ಅಜ್ಜಿಯ ಮುಖದಲ್ಲಿ ನೋವಿನ ಸುಳಿವೇ ಇರಲಿಲ್ಲ.

"ಈಗ ಕೇಳಿಸ್ತು!" ಎಂದಳು.

ಇನ್ಸ್‌ಪೆಕ್ಟರಿಗೆ ನಗು ತಡೆಯಲಾಗಲಿಲ್ಲ. ಬೆಳಗಿನಿಂದ ಅವರು ನಕ್ಕದ್ದು ಅದೇ ಮೊದಲಿರಬೇಕು. ನಗು ನಿಂತ ಮೇಲೆ ಮುಖ ಗಂಟಿಕ್ಕಿ ಹೇಳಿದರು. "ಎಂಜಿನ್ನು ಚೆನ್ನಾಗಿದೆ, ಬ್ರೇಕು ಚೆನ್ನಾಗಿದೆ. ಅದಕ್ಕೋಸ್ಕರ ಇನ್ನೊಂದು ಅವಕಾಶ. ಬರೋ ವಾರ, ಕೊನೇ ದಿನ. ಅವತ್ತು ಒಂದೇ ಒಂದು ಸ್ಕ್ರೂ ಬಿದ್ರೂ..." ಎಂದು ಗುಜರಿಯವನ ಕಡೆ ನೋಡಿದರು. ಅವನು ಕೈ ಮುಗಿದ.

ಕಾರನ್ನು ಹಗ್ಗ ಕಟ್ಟಿ ಎಳೆದು ತಂದೆವು. ಆ ಹಗ್ಗವನ್ನು ಕಟ್ಟಿದವರು ಭಾವ, ಬಿಚ್ಚುವುದಕ್ಕೆ ಕೊಡಲಿ ಬೇಕಾಯಿತು.

ಆಮೇಲೆ ಭಾವ ಮಂಕಾದರು. ಕಚೇರಿಗೆ ಹೋಗಿ ಬಂದು ಜಗಲಿಯ ಮೇಲೆ ಕೈ ಚೆಲ್ಲಿ ಕೂತಿರುತ್ತಿದ್ದರು. ಲಾರಿ ಮೇಸ್ತ್ರಿ ಬಂದು, "ಲಾರಿ ಪಾನಾ ಅಂತ ಬಿಡಿಸಿ ಹೇಳಬೇಕಾ ಸ್ವಾಮೀ? ಅದರ ಗಾತ್ರ ನೋಡಿದ್ರೆ ಗೊತ್ತಾಗಲ್ವಾ?" ಎಂದು ತಪ್ಪನ್ನು ಭಾವನವರ ಕಣ್ಣಿನ ಮೇಲೆ ಹಾಕಿ, ಮುರಿದ ತುಂಡುಗಳನ್ನೆಲ್ಲ ಡ್ರಿಲ್ಲು ಹಿಡಿದು ಹೊರಗೆ ತೆಗೆದುಕೊಟ್ಟು ಹೋದರು. ಗುಜರಿಯವನು ದೀಪದ ಬಳೆ ಹಿಂದಕ್ಕೆ ತಂದುಕೊಟ್ಟ. ಹೊಸ ಬೋಲ್ಟುಗಳು ಬಂದವು. ಒಂದು ತಟ್ಟೆಯಲ್ಲಿ ಹಾಗೇ ಕೂತವು.

"ಮೇಸ್ತ್ರಿನೇ ಬಿಗಿ ಮಾಡ್ಲಿ" ಎಂದರು ಭಾವ. "ನಾನು ಮುಟ್ಟಲ್ಲ. ನಿಮ್ಮಪ್ಪನ ಕಾರಿಗೆ ನನ್ನ ಕೈ ಆಗಿಬರಲ್ಲ."

ಅಕ್ಕ ಆ ತಟ್ಟೆ ಎತ್ತಿಕೊಂಡಳು. ಅವಳಿಗೆ ಸಿಟ್ಟು ಬಂದಿತ್ತು, ಆದರೆ ಅದು ಮುರಿದ ಬೋಲ್ಟಿನ ಸಿಟ್ಟಲ್ಲ. "ಬನ್ನಿ ಇಲ್ಲಿ" ಎಂದಳು. ಆ ದನಿಗೆ ನಾನೂ ಎದ್ದು ನಿಂತೆ.

ಶೆಡ್ಡಿನಲ್ಲಿ ಅವಳು ಅತ್ಯಂತ ಗಿಡ್ಡ ಪಾನಾ ಆರಿಸಿದಳು. "ತುದೀಲಿ ಹಿಡೀಬೇಡಿ, ನಡುವೆ ಹಿಡೀರಿ. ಎರಡೇ ಬೆರಳು. ಈ ಕೈ ಬೆನ್ನ ಹಿಂದೆ." ಭಾವ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. ಬೋಲ್ಟಿನ ಕೆಳಗೆ ಒಂದು ಸೀಳು ಬಿಟ್ಟ ಉಂಗುರದಂಥ ಸ್ಪ್ರಿಂಗ್ ವಾಷರು ಇತ್ತು, ಅದರ ಎರಡು ತುದಿಗಳು ಮೇಲೆ ಕೆಳಗೆ ಬಾಯಿ ಬಿಟ್ಟುಕೊಂಡಿದ್ದವು. ಅಕ್ಕ ಬಾಗಿ, ಕಣ್ಣನ್ನು ಅದರ ಮಟ್ಟಕ್ಕೆ ತಂದಳು. "ಈ ಬಾಯಿ ಮುಚ್ಚೋದನ್ನ ನಾನು ನೋಡ್ತೀನಿ. ನೀವು ತಿರುಗ್ಸಿ. ನಾನು ಹೇಳಿದಾಗ ನಿಲ್ಸಿ."

ಭಾವ ತಿರುಗಿಸಿದರು. ವಾಷರಿನ ಬಾಯಿ ಮೆಲ್ಲಗೆ ಮುಚ್ಚಿತು. ಇನ್ನೊಂದು ಚೂರು.

"ಟಿಕ್" ಎಂದಳು ಅಕ್ಕ.

ಭಾವ ಕೈ ತೆಗೆದರು. "ಇಷ್ಟೇನಾ?" ಎಂದರು, ಊಟಕ್ಕೆ ಕೂತು ಒಂದು ತುತ್ತಿಗೇ ಎಬ್ಬಿಸಿಕೊಂಡವರ ಹಾಗೆ.

"ಇಷ್ಟೇ."

"ಇನ್ನೊಂಚೂರು?"

"ಟಿಕ್ ಅಂದೆ."

ಮೂರನೆಯದಕ್ಕೆ ಭಾವನ ತೋಳು ತಾನಾಗಿಯೇ ಉಬ್ಬಿತು. ಅಕ್ಕ ಅವರ ಮಣಿಕಟ್ಟಿನ ಮೇಲೆ ಕೈಯಿಟ್ಟಳು. ತೋಳು ಇಳಿಯಿತು. ಮದುವೆಯಾಗಿ ಇಷ್ಟು ವರ್ಷವಾದರೂ ಅವರಿಬ್ಬರೂ ಒಂದು ಕೆಲಸವನ್ನು ಹೀಗೆ ತಲೆಗೆ ತಲೆ ತಾಗುವಂತೆ ಕೂತು ಮಾಡಿದ್ದನ್ನು ನಾನು ನೋಡಿರಲಿಲ್ಲ. ನಾನು ಅಲ್ಲಿ ಇರಬಾರದಿತ್ತೇನೋ. ಆದರೆ ಅಷ್ಟರಲ್ಲಿ ಟೀಚರು ದಾರ ಕಟ್ಟಿದ ಕನ್ನಡಕದೊಡನೆ ಇಳಿದು ಬಂದಿದ್ದರು, ಅಜ್ಜಿ ಈ ಸಲ ಮರದ ಮಣೆ ತಂದಿದ್ದಳು. ಹೀಗಾಗಿ ನಾನೊಬ್ಬನೇ ಹೊರಗೆ ಹೋಗುವುದರಲ್ಲಿ ಅರ್ಥವಿರಲಿಲ್ಲ.

"ಟಿಕ್" ಎಂದಳು ಅಕ್ಕ.

"ಇದು ಸ್ವಲ್ಪ ಇಳಿದ ಶ್ರುತಿ" ಎಂದರು ಟೀಚರು. ಯಾರೂ ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಕೊನೆಯ ದಿನ ಮತ್ತೆ ಅದೇ ಮೈದಾನ. ಇನ್ಸ್‌ಪೆಕ್ಟರು ಈ ಸಲ ಬಾನೆಟ್ಟನ್ನು ಮೆಲ್ಲಗೆ ಮುಚ್ಚಲಿಲ್ಲ, ಧಡಾರನೆ ಹಾಕಿದರು. ಎಲ್ಲರೂ ದೀಪದ ಬಳೆ ನೋಡಿದೆವು. ಅದು ಕದಲಲಿಲ್ಲ. ಬಾಗಿಲು ಬಡಿದರು, ಕನ್ನಡಿ ಅಲ್ಲಾಡಿಸಿದರು, ನಂಬರ್ ಪ್ಲೇಟು ಎಳೆದರು. ಹಾರನ್ನನ್ನು ಅವರೇ ಒತ್ತಿ, ಅದು ಕೂಗುತ್ತಿರುವಾಗಲೇ ಕಾರಿನ ಕೆಳಗೆ ಬಗ್ಗಿ ನೋಡಿದರು. ಅದು ಇದ್ದಲ್ಲೇ ಇದ್ದು ಕೂಗುತ್ತಿತ್ತು. ಭಾವ ಕಣ್ಣು ಮುಚ್ಚಿಕೊಂಡು ನಿಂತಿದ್ದರು, ತುಟಿ ಮಾತ್ರ ಆಡುತ್ತಿತ್ತು. ಅಕ್ಕ ಅವರ ಅಂಗಿಯ ತೋಳು ಹಿಡಿದುಕೊಂಡಿದ್ದಳು.

"ಯಾರು ಬಿಗಿ ಮಾಡಿದ್ದು?" ಎಂದರು ಇನ್ಸ್‌ಪೆಕ್ಟರು.

"ನಾನೇ ಸಾರ್" ಎಂದರು ಭಾವ, ಕಣ್ಣು ತೆರೆಯದೆ. "ಸಾಕು ಅಂದಿದ್ದು ಇವಳು."

ಇನ್ಸ್‌ಪೆಕ್ಟರು ಸಹಿ ಹಾಕಿದರು. ಗುಜರಿಯವನು ಮುಂದೆ ಬಂದು ಅಕ್ಕನಿಗೆ ನಮಸ್ಕಾರ ಮಾಡಿ, "ನಂಗೂ ಸಂತೋಷ ಅಮ್ಮಾ" ಎಂದ. ಅವನ ಮುಖ ಬಾಡಿತ್ತಾದರೂ ಮಾತು ನಿಜವಾಗಿತ್ತು ಎಂದೇ ನನ್ನ ನಂಬಿಕೆ.

ಟೀಚರೂ ಅಜ್ಜಿಯೂ ಈ ಸಲ ಆಟೋದಲ್ಲಿ ಬಂದಿದ್ದರು, ಆಟೋದಲ್ಲೇ ಹೋದರು. ನಾವು ಮೂವರು ಕಾರಿನಲ್ಲಿ. ಅಕ್ಕ ಮನೆಯ ದಾರಿ ಹಿಡಿಯಲಿಲ್ಲ. ಮುಚ್ಚಿಹೋದ ಕಾರ್ಖಾನೆಯ ಹಿಂದೆ ದೊಡ್ಡದೊಂದು ಬಯಲಿದೆ, ಜನವಿಲ್ಲ, ಮರವಿಲ್ಲ, ಗುದ್ದುವುದಕ್ಕೆ ಒಂದು ಕಲ್ಲೂ ಇಲ್ಲ. ಅಲ್ಲಿ ನಿಲ್ಲಿಸಿದಳು. ಎಂಜಿನ್ನು ಆರಿಸದೆ ಇಳಿದು, ಸುತ್ತಿಬಂದು, ಭಾವನ ಕಡೆಯ ಬಾಗಿಲು ತೆಗೆದಳು.

"ಆ ಕಡೆ ಸರೀರಿ."

"ಯಾಕೆ? ಏನಾದ್ರೂ ಬಿತ್ತಾ?" ಭಾವ ಗಾಬರಿಯಾದರು.

"ಏನೂ ಬಿದ್ದಿಲ್ಲ. ಸ್ಟಿಯರಿಂಗ್ ಹಿಡೀರಿ. ಕಲಿಸ್ತೀನಿ."

ಭಾವ ತಮ್ಮ ಎರಡು ಕೈಗಳನ್ನೂ ನೋಡಿಕೊಂಡರು. "ಬೇಡ ಕಣೇ. ನಿಮ್ಮಪ್ಪನ ಕಾರು. ನಾನು ಹಿಡಿದಿದ್ದೆಲ್ಲ..."

"ಗುಜರಿಗೆ ಹಾಕು ಅಂತ ಇವನು ಹೇಳ್ದ" ಎಂದಳು ಅಕ್ಕ ನನ್ನ ಕಡೆ ತಿರುಗದೆ. "ಬೀದಿಯವರು ಹೇಳಿದ್ರು. ನಾನೂ ಹೇಳ್ದೆ. ಹೋಗಲ್ಲ ಅಂದಿದ್ದು ನೀವೊಬ್ರೇ. ಇನ್ನು ಇದು ನಿಮ್ಮದೂ ಕಾರು. ಸರೀರಿ."

ಭಾವ ಸೀಟಿನ ಮೇಲೆ ಜರುಗುತ್ತ ಜರುಗುತ್ತ ಆ ಕಡೆ ಹೋಗಿ ಕೂತರು, ಕರವಸ್ತ್ರದಿಂದ ಮುಖವನ್ನೆಲ್ಲ ಒರೆಸಿಕೊಂಡರು. ಅಕ್ಕ ಪಕ್ಕದಲ್ಲಿ ಕೂತಳು. ಆಮೇಲೆ ನೆನಪಾದವಳಂತೆ ಹಿಂದಕ್ಕೆ ನೋಡಿ, "ನೀನು ಇಳಿಯೋ. ನೀನಿದ್ರೆ ನಗ್ತೀಯ" ಎಂದಳು.

ಇಳಿದೆ. ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ, ಆದರೂ ಇಳಿದೆ.

ಕಾರು ಒಮ್ಮೆ ಮುಂದಕ್ಕೆ ನೆಗೆದು, ಕೆಮ್ಮಿ, ನಿಂತುಹೋಯಿತು. ಬಯಲೆಲ್ಲ ನಿಶ್ಶಬ್ದವಾಯಿತು. ತೆರೆದ ಕಿಟಕಿಯಿಂದ ಭಾವನ ಸಣ್ಣ ದನಿ ಕೇಳಿಸಿತು. "ಮುರೀತೇನೇ?"

ಅದಕ್ಕೆ ಅಕ್ಕ ನಕ್ಕಳು. ಅಪ್ಪ ಹೋದಮೇಲೆ ಅವಳು ಹಾಗೆ ಹೊಟ್ಟೆ ತುಂಬ ನಕ್ಕದ್ದನ್ನು ನಾನು ಕೇಳಿರಲಿಲ್ಲ. ನಗುತ್ತಲೇ ಹೇಳಿದಳು, "ಏನೂ ಮುರಿದಿಲ್ಲ ರೀ. ಮೊದಲನೇ ಸಲ ಎಲ್ಲರಿಗೂ ನಿಂತುಹೋಗುತ್ತೆ. ಮತ್ತೆ ಶುರು ಮಾಡಿ."

ಭಾವ ಮತ್ತೆ ಶುರು ಮಾಡಿದರು.